ಬೆಳೆ ಪರಿಹಾರ ಬಾರದಿದ್ದರೆ ಎಲ್ಲಿ ಹುಡುಕಬೇಕು?

ಪಕ್ಕದ ಹೊಲದವರಿಗೆ ಬೆಳೆ ಪರಿಹಾರ ಜಮೆಯಾಗಿದೆ, ನಮಗಿಲ್ಲ ಎನ್ನುವ ರೈತರು ಸಾಮಾನ್ಯವಾಗಿ ಪಾಸ್‌ಬುಕ್ ಹಿಡಿದು ಬರುತ್ತಾರೆ. ಆದರೆ ಪರಿಹಾರವಾಗಲಿ, ಪಿಎಂ ಕಿಸಾನ್ ಕಂತಾಗಲಿ, ಈಗ ಪಾಸ್‌ಬುಕ್ಕಿನ ಖಾತೆ ಸಂಖ್ಯೆ ನೋಡಿ ಬರುವುದಿಲ್ಲ. ನಿಮ್ಮ ಆಧಾರ್ ಎನ್‌ಪಿಸಿಐ (ಬ್ಯಾಂಕುಗಳ ನಡುವಿನ ಪಾವತಿ ನೋಡಿಕೊಳ್ಳುವ ಸಂಸ್ಥೆ) ಪಟ್ಟಿಯಲ್ಲಿ ಯಾವ ಬ್ಯಾಂಕಿಗೆ ಜೋಡಣೆಯಾಗಿದೆಯೋ ಅಲ್ಲಿಗೆ ಹೋಗುತ್ತದೆ. ಒಂದು ಆಧಾರ್‌ಗೆ ಒಂದೇ ಬ್ಯಾಂಕ್. ಬೇರೆ ಯಾವುದೋ ಕೆಲಸಕ್ಕೆಂದು ಹೊಸ ಖಾತೆ ತೆರೆಯುವಾಗ ಸಬ್ಸಿಡಿ ಹಣ ಇಲ್ಲಿಗೇ ಬರಲಿ ಎಂಬ ಒಪ್ಪಿಗೆಗೂ ಸಹಿ ಬಿದ್ದಿದ್ದರೆ ಜೋಡಣೆ ಅಲ್ಲಿಗೆ ಬದಲಾಗಿರುತ್ತದೆ. ನೀವು ಮರೆತ ಖಾತೆಯಲ್ಲಿ ಹಣ ಕೂತಿರುವುದು ಅಪರೂಪವೇನಲ್ಲ.

ಹಾಗಾಗಿ ಮೊದಲು ‘ಡಿಬಿಟಿ ಕರ್ನಾಟಕ’ ಆ್ಯಪ್ ತೆರೆಯಿರಿ. ಡಿಬಿಟಿ ಎಂದರೆ ಸರ್ಕಾರದ ಹಣ ನೇರವಾಗಿ ಖಾತೆಗೆ ಜಮೆಯಾಗುವುದು. ಆಧಾರ್‌ಗೆ ಕೊಟ್ಟ ಮೊಬೈಲ್‌ಗೆ ಒಟಿಪಿ ಬರುತ್ತದೆ. ಯಾವ ಯೋಜನೆಯ ಹಣ ಯಾವ ದಿನ ಜಮೆಯಾಗಿದೆ, ಆಧಾರ್ ಯಾವ ಬ್ಯಾಂಕಿಗೆ ಜೋಡಣೆಯಾಗಿದೆ ಎರಡೂ ಅಲ್ಲೇ ಕಾಣುತ್ತವೆ. ಬ್ಯಾಂಕಿನಲ್ಲಿ ‘ಆಧಾರ್ ಲಿಂಕ್ ಆಗಿದೆ’ ಎಂದರೆ ಅದು ಕೆವೈಸಿ (ಗ್ರಾಹಕರ ಗುರುತು ಪರಿಶೀಲನೆ) ಮಾತು, ಅಷ್ಟಕ್ಕೇ ಎದ್ದು ಬರಬೇಡಿ. ‘ಡಿಬಿಟಿಗೆ ಎನ್‌ಪಿಸಿಐ ಮ್ಯಾಪಿಂಗ್ ಆಗಬೇಕು’ ಎಂದು ಕೇಳಿ ಅದರ ಅರ್ಜಿಯನ್ನೇ ತುಂಬಿಕೊಡಿ.

ಬ್ಯಾಂಕ್ ಸರಿಯಿದ್ದೂ ಹಣ ಬರಲಿಲ್ಲ, ಇಲ್ಲವೇ ಕಡಿಮೆ ಬಂತು ಎಂದರೆ ರೈತರ ನೋಂದಣಿಯ ಫ್ರೂಟ್ಸ್ ತಂತ್ರಾಂಶದಲ್ಲಿ ನಿಮ್ಮ ಎಫ್‌ಐಡಿ, ಅಂದರೆ ರೈತರ ಗುರುತಿನ ಸಂಖ್ಯೆ, ನೋಡಬೇಕು. ಎಫ್‌ಐಡಿ ಇದೆ ಎಂದರೆ ಸಾಲದು, ನಿಮ್ಮ ಎಲ್ಲ ಸರ್ವೆ ನಂಬರೂ ಅದರಲ್ಲಿ ಸೇರಿರಬೇಕು. 2022–26ರ ಎಸ್‌ಡಿಆರ್‌ಎಫ್ (ರಾಜ್ಯ ವಿಪತ್ತು ಪರಿಹಾರ ನಿಧಿ) ಮಾನದಂಡದಲ್ಲಿ ಮಳೆಯಾಶ್ರಿತ ಬೆಳೆಗೆ ಹೆಕ್ಟೇರಿಗೆ 8,500, ನೀರಾವರಿಗೆ 17,000, ಬಹುವಾರ್ಷಿಕ ಬೆಳೆಗೆ 22,500 ರೂಪಾಯಿ. ಮಿತಿ 2 ಹೆಕ್ಟೇರ್, ನಷ್ಟ ಶೇ 33ಕ್ಕಿಂತ ಕಡಿಮೆ ಇರಬಾರದು. 4 ಎಕರೆ ಮಳೆಯಾಶ್ರಿತ ರಾಗಿ ಹಾಳಾದ ರೈತನಿಗೆ ಈ ಲೆಕ್ಕದಲ್ಲಿ ಸುಮಾರು 13,700 ಸಿಗಬೇಕು. ಎಫ್‌ಐಡಿಯಲ್ಲಿ 1 ಎಕರೆ 10 ಗುಂಟೆ ಮಾತ್ರ ಇದ್ದರೆ ಬರುವುದು 4,300ರ ಆಸುಪಾಸು. ಇದನ್ನು ಅಧಿಕಾರಿ ಕಡಿತ ಮಾಡಿದರು ಎಂದು ಬೈಯುವವರೇ ಹೆಚ್ಚು! ಬಿಟ್ಟುಹೋದ ನಂಬರಿನ ಪಹಣಿ ಮತ್ತು ಆಧಾರ್ ಒಯ್ದರೆ ಹೋಬಳಿಯ ರೈತ ಸಂಪರ್ಕ ಕೇಂದ್ರದಲ್ಲಿ ಸೇರಿಸುತ್ತಾರೆ. ಪಹಣಿಯಲ್ಲಿ ‘ಸಿದ್ದಪ್ಪ’, ಆಧಾರ್‌ನಲ್ಲಿ ‘ಸಿದ್ದೇಗೌಡ’ ಎಂದಿದ್ದರೆ ಅಲ್ಲಿ ಮುಂದಕ್ಕೆ ಹೋಗುವುದಿಲ್ಲ. ಮೊದಲು ಹೆಸರು ತಿದ್ದಿಸಬೇಕು.

ಇನ್ನು ಬೆಳೆ ಸಮೀಕ್ಷೆ. ಸಮೀಕ್ಷೆಗೆ ಬಂದ ಹುಡುಗ ದೂರದಲ್ಲೇ ಫೋಟೊ ಹೊಡೆದು ‘ಬೀಳು’ ಎಂದು ನಮೂದಿಸಿದರೆ ದಾಖಲೆಯ ಪ್ರಕಾರ ನಿಮ್ಮ ಹೊಲದಲ್ಲಿ ಬೆಳೆಯೇ ಇಲ್ಲ, ನಷ್ಟ ಎಲ್ಲಿಂದ ಬರಬೇಕು? ವಿಮೆಗೂ ಬೆಂಬಲ ಬೆಲೆ ಖರೀದಿಗೂ ನೋಡುವುದು ಇದೇ ದಾಖಲೆಯನ್ನು. ‘ಬೆಳೆ ದರ್ಶಕ’ ಆ್ಯಪ್‌ನಲ್ಲಿ ಆ ಫೋಟೊ ಸಮೇತ ಕಾಣುತ್ತದೆ, ಆಕ್ಷೇಪಣೆಯನ್ನೂ ಅಲ್ಲೇ ಹಾಕಬಹುದು. ಬೆಳೆ ಹೊಲದಲ್ಲಿ ನಿಂತಿರುವಾಗಲೇ ಹಾಕಿ, ಕೊಯ್ಲಾದ ಮೇಲೆ ತೋರಿಸಲು ಏನೂ ಉಳಿದಿರುವುದಿಲ್ಲ.

ಎಲ್ಲಕ್ಕಿಂತ ಹೆಚ್ಚು ಕಾಲ ಹಿಡಿಯುವುದು ಪೌತಿ ಖಾತೆ, ಅಂದರೆ ತೀರಿಕೊಂಡವರ ಜಮೀನನ್ನು ವಾರಸುದಾರರ ಹೆಸರಿಗೆ ಮಾಡಿಸುವುದು. ತಂದೆ ತೀರಿಕೊಂಡು ವರ್ಷಗಳಾಗಿದ್ದರೂ ಪಹಣಿಯ 9ನೇ ಕಾಲಂನಲ್ಲಿ ಅವರದೇ ಹೆಸರು, ಉಳುವವನು ಮಗ. ಆ ಜಮೀನು ಮಗನ ಎಫ್‌ಐಡಿಗೆ ಸೇರುವುದಿಲ್ಲ. ಮರಣ ಪ್ರಮಾಣಪತ್ರ ಮತ್ತು ವಂಶವೃಕ್ಷದೊಂದಿಗೆ ಅರ್ಜಿ ಕೊಟ್ಟು, ಮೊದಲು ವಾರಸುದಾರರೆಲ್ಲರ ಹೆಸರಿಗೆ ಜಂಟಿಯಾಗಿ ಮಾಡಿಸಿಕೊಳ್ಳಿ. ಅಣ್ಣತಮ್ಮಂದಿರ ಪಾಲು, ಪೋಡಿ (ಜಮೀನು ಅಳೆದು ಪ್ರತ್ಯೇಕ ನಂಬರ್ ಮಾಡುವುದು) ಇತ್ಯರ್ಥವಾಗಲಿ ಎಂದು ಕಾಯುತ್ತ ಕೂತರೆ ಇನ್ನೊಂದು ಬರಗಾಲ ಬಂದು ಹೋಗಿರುತ್ತದೆ. ಪಿಎಂ ಕಿಸಾನ್‌ಗೂ ಇದು ಬೇಕು: 2019ರ ಫೆಬ್ರುವರಿ 1ರ ನಂತರ ಜಮೀನು ಕೊಂಡವರಿಗೆ ಆ ಜಮೀನಿನ ಮೇಲೆ ವರ್ಷದ 6,000 ರೂಪಾಯಿ ಸಿಗದು, ವಾರಸಾಗಿ ಬಂದಿದ್ದರೆ ಸಿಗುತ್ತದೆ. ಸತ್ತವರ ಖಾತೆಗೆ ಕಂತು ಬೀಳುತ್ತಲೇ ಇದ್ದರೆ ತೆಗೆದು ಬಳಸಬೇಡಿ, ಅದು ವಸೂಲಾತಿಗೆ ಬರುತ್ತದೆ.