ಎಲ್ಲಿ ಸಿಕ್ಕಿತು ಎಂದು ಮೊದಲು ಹೇಳಿ

ಭೂವಿಜ್ಞಾನ ಕಲಿಸುವ ಕೆಲಸದಿಂದ ನಿವೃತ್ತನಾಗಿ ವರ್ಷಗಳು ಕಳೆದರೂ ಧಾರವಾಡದ ನಮ್ಮ ಮನೆಗೆ ಕಲ್ಲುಗಳು ಬರುವುದು ನಿಂತಿಲ್ಲ. ಕೈಚೀಲದಲ್ಲಿ, ಟವೆಲ್ಲಿನಲ್ಲಿ ಸುತ್ತಿ, ಕೆಲವೊಮ್ಮೆ ಊಟದ ಡಬ್ಬಿಯಲ್ಲಿ ಹತ್ತಿ ಹಾಸಿ ತರುತ್ತಾರೆ. ತಂದವರೆಲ್ಲರ ಪ್ರಶ್ನೆ ಒಂದೇ: ಇದು ಪಳೆಯುಳಿಕೆಯೇ? ನಾನು ಗಂಟು ಬಿಚ್ಚುವ ಮೊದಲೇ ತಿರುಗಿ ಕೇಳುತ್ತೇನೆ: ಎಲ್ಲಿ ಸಿಕ್ಕಿತು? ಕೆಲವರಿಗೆ ಇದರಿಂದ ನಿರಾಸೆಯಾಗುತ್ತದೆ. ಕಲ್ಲನ್ನೇ ನೋಡದೆ ಊರು ಕೇಳುತ್ತಾರಲ್ಲ ಎಂದು. ಆದರೆ ನಮ್ಮ ಸೀಮೆಯ ಮಟ್ಟಿಗೆ ಅರ್ಧಕ್ಕಿಂತ ಹೆಚ್ಚು ಉತ್ತರ ಇರುವುದು ಆ ಊರಿನಲ್ಲಿಯೇ.

ಜಗತ್ತಿನ ಯಾವ ಮೂಲೆಯ ಭೂವಿಜ್ಞಾನಿಗೂ ಧಾರವಾಡ ಎಂಬ ಹೆಸರು ಗೊತ್ತು. 1880ರ ದಶಕದಲ್ಲಿ ಬ್ರಿಟಿಷ್ ಭೂವಿಜ್ಞಾನಿ ರಾಬರ್ಟ್ ಬ್ರೂಸ್ ಫೂಟ್ ಇಲ್ಲಿಯ ಶಿಲೆಗಳಿಗೆ ಇಟ್ಟ ಹೆಸರು ಅದು. ಧಾರವಾಡ, ಗದಗ, ಹಾವೇರಿ ಜಿಲ್ಲೆಗಳ ನೆಲದಡಿಯಲ್ಲಿ ಹೆಚ್ಚಾಗಿ ಇರುವುದು ಅವೇ. ರಾಣೆಬೆನ್ನೂರಿನ ಸುತ್ತಲಿನ ಬೂದುಬಣ್ಣದ ಗ್ರೇವ್ಯಾಕ್ ಶಿಲೆ ಸಮುದ್ರದ ತಳದಲ್ಲಿ ಕೆಸರಾಗಿ ಕೂತು ಸುಮಾರು 260 ಕೋಟಿ ವರ್ಷಗಳಾದವು. ಒಂದು ಕೋಟಿ ವರ್ಷಕ್ಕೆ ಒಂದು ಮೆಟ್ಟಿಲಿನಂತೆ ಭೂತಕಾಲಕ್ಕೆ ಇಳಿಯೋಣ. ಡೈನೋಸಾರ್‌ಗಳು ಅಳಿದದ್ದು ಏಳನೆಯ ಮೆಟ್ಟಿಲು ಮುಟ್ಟುವ ಮೊದಲೇ. ಚಿಪ್ಪಿರುವ ಪ್ರಾಣಿಗಳು ಮೊದಲು ಹೇರಳವಾಗಿ ಕಾಣುವುದು 54ನೆಯ ಮೆಟ್ಟಿಲಿನ ಆಸುಪಾಸಿನಲ್ಲಿ. ಅಲ್ಲಿಂದ ಇನ್ನೂ ಇನ್ನೂರು ಮೆಟ್ಟಿಲು ಇಳಿದರೆ ನಮ್ಮ ಹೊಲದ ಕಲ್ಲು. ಅದು ಹುಟ್ಟಿದಾಗ ಭೂಮಿಯ ಮೇಲೆ ಮೂಳೆ, ಹಲ್ಲು, ಎಲೆ, ಚಿಪ್ಪು ಯಾವುದೂ ಇರಲಿಲ್ಲ. ಆದ್ದರಿಂದ ರಾಣೆಬೆನ್ನೂರಿನ ಬಂಡೆಯ ಒಳಗಿನಿಂದ ಮೂಳೆ ಬಂತು ಎಂದು ಯಾರಾದರೂ ಹೇಳಿದರೆ, ಕಲ್ಲು ಎಷ್ಟೇ ಮೂಳೆಯಂತೆ ಕಂಡರೂ, ಅದು ಮೂಳೆಯಲ್ಲ ಎಂದು ಧೈರ್ಯವಾಗಿ ಹೇಳಬಹುದು.

ಹೇಳುವುದು ಸುಲಭ, ತಂದವರ ಮುಖ ನೋಡುತ್ತಾ ಹೇಳುವುದು ಕಷ್ಟ. ಹಾವೇರಿ ಕಡೆಯ ರೈತರೊಬ್ಬರು ಗೋಣಿಚೀಲದಲ್ಲಿ ಎರಡು ‘ಮೊಟ್ಟೆ’ ತಂದಿದ್ದರು. ಬಸ್ಸಿನಲ್ಲಿ ತೊಡೆಯ ಮೇಲೆಯೇ ಇಟ್ಟುಕೊಂಡು ಬಂದಿದ್ದರು. ತೆಂಗಿನಕಾಯಿಯ ಗಾತ್ರ, ಗುಂಡಗೆ, ಮೇಲೆ ಸಿಪ್ಪೆಯಂತಹ ಪದರ, ಒಂದು ಕಡೆ ಆ ಸಿಪ್ಪೆ ಎದ್ದು ಒಳಗಿನ ಕಪ್ಪು ತಿರುಳು ಕಾಣುತ್ತಿತ್ತು. ಹೊಲದ ಅಂಚಿನಲ್ಲಿ ಇಂಥವು ಸಾಲಾಗಿ ಇವೆ ಎಂದರು. ಆ ‘ಸಾಲಾಗಿ’ ಎಂಬ ಮಾತೇ ನನಗೆ ಬೇಕಾಗಿದ್ದುದು. ಹಳೆಯ ಶಿಲೆಗಳನ್ನು ಸೀಳಿಕೊಂಡು ಗೋಡೆಯಂತೆ ಎದ್ದುನಿಂತ ಕರಿಕಲ್ಲಿನ ಪಟ್ಟಿಗಳು ನಮ್ಮ ನಾಡಿನಲ್ಲಿ ಬಹಳ. ಆ ಕಲ್ಲು ಬಿರುಕುಬಿಟ್ಟು ಚೌಕ ಚೌಕ ತುಂಡುಗಳಾಗುತ್ತದೆ. ಮಳೆನೀರು ಬಿರುಕಿಗೆ ಇಳಿದಾಗ ತುಂಡಿನ ಮೂಲೆಯನ್ನು ಮೂರು ಕಡೆಯಿಂದ ತಿನ್ನುತ್ತದೆ, ಅಂಚನ್ನು ಎರಡು ಕಡೆಯಿಂದ, ಮುಖವನ್ನು ಒಂದೇ ಕಡೆಯಿಂದ. ಮೂಲೆಗಳು ಮೊದಲು ಕರಗುತ್ತವೆ, ಚೌಕ ಗುಂಡಾಗುತ್ತದೆ, ಉಳ್ಳಾಗಡ್ಡಿಯ ಹಾಗೆ ಪದರ ಪದರವಾಗಿ ಸುಲಿಯುತ್ತದೆ.

ಭೂತಗನ್ನಡಿಯನ್ನು ಅವರ ಕೈಗೇ ಕೊಟ್ಟೆ. ‘ಯಜಮಾನರೇ, ಸಿಪ್ಪೆಯ ಕೆಳಗೆ ಇನ್ನೊಂದು ಸಿಪ್ಪೆ, ಅದರ ಕೆಳಗೆ ಮತ್ತೊಂದು ಕಾಣುತ್ತದೆಯೇ? ಮೊಟ್ಟೆಗೆ ಇಷ್ಟೊಂದು ಸಿಪ್ಪೆ ಇರುತ್ತದೆಯೇ?’ ಎಂದೆ. ಅವರು ಬಹಳ ಹೊತ್ತು ನೋಡಿ, ‘ಇಲ್ಲ, ಇದು ತುಕ್ಕು ಹಿಡಿದಂತಿದೆ’ ಎಂದರು. ಸರಿಯಾದ ಮಾತು. ಕರಿಕಲ್ಲಿನಲ್ಲಿರುವ ಕಬ್ಬಿಣಕ್ಕೆ ಹಿಡಿದ ತುಕ್ಕೇ ಆ ಕಂದುಬಣ್ಣ. ಡೈನೋಸಾರ್ ಮೊಟ್ಟೆಯ ಚಿಪ್ಪಾದರೆ ಸಾಮಾನ್ಯವಾಗಿ ಕೆಲವೇ ಮಿಲಿಮೀಟರ್ ದಪ್ಪದ ಒಂದೇ ಪದರ. ಅದರ ಮೇಲೆ ಸಣ್ಣ ರಂಧ್ರಗಳಿರುತ್ತವೆ. ಸುಣ್ಣದಿಂದ ಆದದ್ದರಿಂದ ಆಮ್ಲದ ಹನಿ ಬಿದ್ದರೆ ನೊರೆ ಬರುತ್ತದೆ. ಅಂಥ ನಿಜವಾದ ಮೊಟ್ಟೆಗಳು ಗುಜರಾತಿನ ಬಾಲಾಸಿನೋರ್ ಬಳಿ, ಮಧ್ಯಪ್ರದೇಶದ ಧಾರ್ ಜಿಲ್ಲೆಯಲ್ಲಿ ಸಿಕ್ಕಿವೆ. ಅಲ್ಲಿಯ ಕಲ್ಲಿನ ವಯಸ್ಸೇ ಬೇರೆ.

ಇನ್ನೊಂದು ಕಲ್ಲು ನನಗೇ ಪಾಠ ಕಲಿಸಿತು. ಹುಬ್ಬಳ್ಳಿಯ ಹೈಸ್ಕೂಲಿನ ಹುಡುಗಿಯೊಬ್ಬಳು ತಂದೆಯೊಂದಿಗೆ ಬಂದಿದ್ದಳು. ತೆಳುವಾದ ಬೂದುಬಣ್ಣದ ಕಲ್ಲಿನ ಚೂರು, ಅದರ ಮೇಲೆ ಕಪ್ಪು ಶಾಯಿಯಲ್ಲಿ ಬರೆದಂತೆ ಜರಿಗಿಡದ ಚಿತ್ರ. ಎಷ್ಟು ನಾಜೂಕು ಎಂದರೆ, ನಾನೂ ಒಂದು ಕ್ಷಣ ಸುಮ್ಮನಾದೆ. ‘ಎಲ್ಲಿ ಸಿಕ್ಕಿತು ತಂಗಿ?’ ಎಂದರೆ ‘ನಮ್ಮ ಓಣಿಯಲ್ಲಿ’ ಎಂದಳು. ಓಣಿಯಲ್ಲಿ ಯಾರದೋ ಹೊಸ ಮನೆ ಕಟ್ಟುತ್ತಿದ್ದರಂತೆ. ನೆಲಕ್ಕೆ ಹಾಸಲು ತಂದ ಶಹಾಬಾದ ಕಲ್ಲಿನ ಒಡೆದ ಚೂರು ಅದು. ಹಾಗಾದರೆ ಅದರ ವಿಳಾಸ ಹುಬ್ಬಳ್ಳಿಯಲ್ಲ, ಕಲಬುರಗಿ ಸೀಮೆ. ಆ ಕಲ್ಲೂ ನೆಲದ ಮೇಲೆ ಗಿಡಗಳೇ ಹುಟ್ಟದ ಕಾಲದ್ದು. ಅಂದಿನಿಂದ ನಾನು ‘ಎಲ್ಲಿ ಸಿಕ್ಕಿತು’ ಎಂಬುದರ ಜೊತೆಗೆ ‘ಅಲ್ಲಿಗೆ ಎಲ್ಲಿಂದ ಬಂದಿತ್ತು’ ಎಂದೂ ಕೇಳುತ್ತೇನೆ.

ಭೂತಗನ್ನಡಿಯಡಿ ಇಟ್ಟರೆ ಆ ಜರಿಗಿಡ ತಾನೇ ಗುಟ್ಟು ಬಿಡುತ್ತದೆ. ಎಲೆಗೆ ನಡುವೆ ಒಂದು ದಿಂಡು ಇರುತ್ತದೆ, ಅದರಿಂದ ನರಗಳು ಕ್ರಮವಾಗಿ ಹೊರಡುತ್ತವೆ. ಇಲ್ಲಿ ದಿಂಡೂ ಇಲ್ಲ, ನರವೂ ಇಲ್ಲ, ಬರೀ ಕವಲಿನ ಮೇಲೆ ಕವಲು. ಕಲ್ಲಿನ ಬಿರುಕಿನಲ್ಲಿ ನುಸುಳಿದ ನೀರು ಬಿಟ್ಟುಹೋದ ಮ್ಯಾಂಗನೀಸ್ ಆಕ್ಸೈಡ್ ಅದು. ಗಾಜಿನ ಮೇಲೆ ಮಂಜು ಹೆಪ್ಪುಗಟ್ಟುವಾಗ ಕವಲೊಡೆಯುವ ಹಾಗೆ ಬೆಳೆದಿರುತ್ತದೆ. ಇದಕ್ಕೆ ನಮ್ಮಲ್ಲಿ ಡೆಂಡ್ರೈಟ್ ಎನ್ನುತ್ತಾರೆ. ಎಲೆಯಾದರೆ ಕೆಸರು ಕೂತ ಪದರದ ಮೇಲೆ ಮಲಗಿರುತ್ತದೆ. ಡೆಂಡ್ರೈಟ್ ಪದರವನ್ನು ಅಡ್ಡ ಕತ್ತರಿಸಿದ ಬಿರುಕಿನಲ್ಲಿಯೂ ಇರಬಲ್ಲದು. ಹುಡುಗಿ ಆ ಚೂರನ್ನು ಎಸೆಯಲಿಲ್ಲ. ಹಿಂದೆ ‘ಗಿಡವಲ್ಲ, ಮ್ಯಾಂಗನೀಸ್’ ಎಂದು ಬರೆದು ಚೀಲಕ್ಕೆ ಹಾಕಿಕೊಂಡಳು. ನನಗೆ ಬಹಳ ಸಂತೋಷವಾಯಿತು.

ಎರೆ ಭೂಮಿಯಲ್ಲಿ ಬಾವಿ ತೋಡಿದಾಗ ಸಿಗುವ ಬಿಳಿ ‘ಬೆರಳೆಲುಬು’ಗಳ ಬಗ್ಗೆ ಹೆಚ್ಚು ಹೇಳಬೇಕಿಲ್ಲ. ಅವು ಸುಣ್ಣದ ಹರಳು. ಕೆಲವು ಹಳೆಯ ಬೇರುಗಳ ಸುತ್ತ ಸುಣ್ಣ ಕಟ್ಟಿ ಕೊಳವೆಯಂತೆ ಆಗಿರುತ್ತವೆ. ಕೆರೆದ ಪುಡಿಯ ಮೇಲೆ ಲಿಂಬೆರಸ ಹಿಂಡಿದರೆ ಗುಳ್ಳೆ ಏಳುತ್ತದೆ.

ಗದಗಿನಿಂದ ಬರುವವರು ಹೆಚ್ಚಾಗಿ ತರುವುದು ‘ಕಲ್ಲಾದ ಮರ’. ಕೆಂಪು ಮತ್ತು ಕಪ್ಪು ಗೆರೆಗಳು ಒಂದರ ಮೇಲೊಂದು, ಸಾಗವಾನಿಯ ಹಲಗೆಯ ಹಾಗೆ, ಮಡಿಕೆ ಬಿದ್ದಲ್ಲಿ ಗಂಟಿನ ಹಾಗೆ. ಕೈಗೆ ತೆಗೆದುಕೊಂಡರೆ ಭಾರ. ದಾರಕ್ಕೆ ಕಟ್ಟಿದ ಸಣ್ಣ ಅಯಸ್ಕಾಂತವನ್ನು ಕಪ್ಪು ಗೆರೆಯ ಹತ್ತಿರ ಇಳಿಬಿಟ್ಟರೆ ಅನೇಕ ಸಲ ಅತ್ತ ವಾಲುತ್ತದೆ. ಇದು ಪಟ್ಟೆ ಕಬ್ಬಿಣದ ಶಿಲೆ. ಕಪ್ಪತಗುಡ್ಡದ ಸಾಲಿನಲ್ಲಿ ಇದು ಸಾಕಷ್ಟಿದೆ. ಆ ಸೀಮೆಯ ಬಂಗಾರದ ಶಿಲೆಗಳ ಬಗ್ಗೆ ಫೂಟ್ 1874ರಲ್ಲಿಯೇ, ಡಂಬಳದ ಗುಡ್ಡಗಳೆಂಬ ಹೆಸರಿನಲ್ಲಿ, ಬರೆದಿದ್ದರು. ಮರವಲ್ಲ ಎಂದು ಹೇಳಿ ಕಳುಹಿಸಿಬಿಡುವುದು ಮಾತ್ರ ನನ್ನಿಂದಾಗದು. ಅಂದಿನ ಸಮುದ್ರದಲ್ಲಿ ಕಬ್ಬಿಣ ಕರಗಿಕೊಂಡಿತ್ತು. ಕಣ್ಣಿಗೆ ಕಾಣದ ಜೀವಿಗಳು ಸೂರ್ಯನ ಬೆಳಕಿನಲ್ಲಿ ಆಮ್ಲಜನಕ ಬಿಡತೊಡಗಿದಾಗ ಆ ಕಬ್ಬಿಣ ತುಕ್ಕಾಗಿ ತಳಕ್ಕೆ ಇಳಿದಿರಬೇಕು ಎಂಬುದು ಅನೇಕ ಭೂವಿಜ್ಞಾನಿಗಳ ಅಭಿಪ್ರಾಯ. ಹಾಗಿದ್ದರೆ ಗದಗಿನವರ ಕೈಯಲ್ಲಿರುವುದು ದೇಹದ ಗುರುತಲ್ಲ, ಉಸಿರಿನ ಗುರುತು. ಒಂದು ಮಾತು: ಕಪ್ಪತಗುಡ್ಡ ಈಗ ವನ್ಯಜೀವಿಧಾಮ. ಅಲ್ಲಿ ಕಲ್ಲನ್ನು ನೋಡಿ, ಫೋಟೋ ತೆಗೆಯಿರಿ, ಅಲ್ಲಿಯೇ ಬಿಟ್ಟು ಬನ್ನಿ.

ಹಾಗಾದರೆ ಧಾರವಾಡ ಶಿಲೆಗಳಲ್ಲಿ ಪಳೆಯುಳಿಕೆಯೇ ಇಲ್ಲವೇ? ಇದೆ. ಚಿತ್ರದುರ್ಗ ಮತ್ತು ಸಂಡೂರು ಕಡೆಯ ಇದೇ ಶಿಲಾಸಮೂಹದ ಸುಣ್ಣಕಲ್ಲುಗಳಲ್ಲಿ ಸ್ಟ್ರೊಮ್ಯಾಟೊಲೈಟ್‌ಗಳು ದೊರೆತಿವೆ. ಆಳವಿಲ್ಲದ ನೀರಿನಲ್ಲಿ ಸೂಕ್ಷ್ಮಜೀವಿಗಳು ಲೋಳೆಯ ಚಾಪೆಯಂತೆ ಹರಡಿ, ಮೇಲೆ ಕೆಸರು ಕೂತಾಗ ಮತ್ತೆ ಬೆಳಕಿಗಾಗಿ ಮೇಲೇರಿ, ಪದರದ ಮೇಲೆ ಪದರ ಕಟ್ಟಿದ ದಿಬ್ಬಗಳು ಅವು. ನಮ್ಮ ಉತ್ತರಕ್ಕೆ, ಬಾಗಲಕೋಟೆ ಜಿಲ್ಲೆಯ ಕಲಾದಗಿ ಶಿಲೆಗಳಲ್ಲಿಯೂ ಇವೆ. ಅವು ಇಷ್ಟು ಹಳೆಯವಲ್ಲದಿದ್ದರೂ ನೂರು ಕೋಟಿ ವರ್ಷಗಳ ಆಚೆಯವು. ನಮ್ಮ ಭಾಗದ ಹವ್ಯಾಸಿಗಳು ಹುಡುಕುವುದಾದರೆ ಇದನ್ನು ಹುಡುಕಬೇಕು ಎಂಬುದು ನನ್ನ ಆಸೆ.

ಗುರುತಿಸುವುದು ಸುಲಭವಲ್ಲ. ಬರೀ ಮಡಿಕೆಬಿದ್ದ ಕಲ್ಲೂ ದಿಬ್ಬದಂತೆಯೇ ಕಾಣುತ್ತದೆ. ನಾನು ನೋಡುವುದು ಹೀಗೆ: ಮಡಿಕೆಯಾದರೆ ಎಲ್ಲ ಪದರಗಳೂ ಒಟ್ಟಿಗೆ ಬಾಗಿರುತ್ತವೆ, ಚಾಪೆಯನ್ನು ಎರಡೂ ಕಡೆಯಿಂದ ತಳ್ಳಿದಂತೆ. ಸ್ಟ್ರೊಮ್ಯಾಟೊಲೈಟ್ ಆದರೆ ಕೆಳಗಿನ ಪದರ ಸಪಾಟಾಗಿದ್ದು, ಒಂದು ಹಂತದಿಂದ ದಿಬ್ಬ ಏಳತೊಡಗುತ್ತದೆ. ಉಬ್ಬು ಮೇಲ್ಮುಖವಾಗಿರುತ್ತದೆ, ಪದರ ನೆತ್ತಿಯಲ್ಲಿ ದಪ್ಪ, ಪಕ್ಕಕ್ಕೆ ತೆಳು. ಕಂಬದಂತೆ ಬೆಳೆದಿದ್ದರೆ ಎರಡು ಕಂಬಗಳ ನಡುವಿನ ಸಂದಿಯಲ್ಲಿ ಒಡೆದ ಚೂರುಪಾರು ತುಂಬಿರುತ್ತದೆ. ಅಂಥದ್ದು ಕಂಡರೆ ದಯವಿಟ್ಟು ಸುತ್ತಿಗೆ ಎತ್ತಬೇಡಿ. ಒಡೆದು ತಂದ ತುಂಡಿನಲ್ಲಿ ಯಾವುದು ಮೇಲೆ, ಯಾವುದು ಕೆಳಗೆ ಎಂಬುದೇ ತಿಳಿಯದೆ ಹೋಗುತ್ತದೆ.

ನಮ್ಮ ಊರುಗಳ ಮನೆಗಳಲ್ಲಿ ಸಂದೇಹವೇ ಇಲ್ಲದ ಪಳೆಯುಳಿಕೆ ಇರುವುದು ದೇವರ ಕೋಣೆಯಲ್ಲಿ. ತಲೆಮಾರುಗಳಿಂದ ಪೂಜೆಗೊಳ್ಳುವ ಸಾಲಿಗ್ರಾಮ, ನೇಪಾಳದ ಕಾಳಿಗಂಡಕಿ ಕಣಿವೆಯದು. ಅದರೊಳಗಿನ ಚಕ್ರ ಅಮ್ಮೊನೈಟ್ ಎಂಬ ಸಮುದ್ರಜೀವಿಯ ಸುರುಳಿ ಚಿಪ್ಪಿನ ಅಚ್ಚು. ಹಿಮಾಲಯ ಏಳುವುದಕ್ಕಿಂತ ಬಹಳ ಮೊದಲು ಅಲ್ಲಿದ್ದ ಸಮುದ್ರದ ಸಾಕ್ಷಿ ಅದು. ಇದನ್ನು ಹೇಳಿದಾಗ ಹಿರಿಯರು ನೊಂದುಕೊಂಡದ್ದನ್ನು ನಾನು ಕಂಡಿಲ್ಲ. ಒಬ್ಬ ಅಜ್ಜಿ ಮಡಿಯುಟ್ಟು ಬಂದು, ದೂರದಿಂದಲೇ ತೋರಿಸಿ, ಸುರುಳಿಯ ಮೇಲಿನ ಏಣುಗಳನ್ನು ನನ್ನೊಂದಿಗೆ ಎಣಿಸಿದರು.

ಈಗ ಮನಸ್ಸಿಗೆ ನೋವು ತಂದ ಒಂದು ಪ್ರಸಂಗ. ಹಾವೇರಿಯ ಗೌಂಡಿಯೊಬ್ಬರು ಗಿಲಾವಿಗೆ ಮರಳು ಸಾಣಿಸುವಾಗ ಸಾಣಿಗೆಯಲ್ಲಿ ಉಳಿದ ಒಂದು ಹಲ್ಲನ್ನು ಕಾಗದದಲ್ಲಿ ಕಟ್ಟಿ ಕಳುಹಿಸಿದ್ದರು. ಕಡು ಕಂದುಬಣ್ಣ, ಗಾತ್ರಕ್ಕೆ ಮೀರಿದ ತೂಕ. ಪಿಂಗಾಣಿ ತಟ್ಟೆಗೆ ತಾಗಿಸಿದರೆ ಕಲ್ಲಿನಂತೆ ಟಿಣ್ ಎಂದಿತು. ಕಾಯಿಸಿದ ಸೂಜಿಯನ್ನು ಮುರಿದ ಬೇರಿಗೆ ಮುಟ್ಟಿಸಿದೆ. ಇತ್ತೀಚಿನ ಮೂಳೆಯಾದರೆ ಕೂದಲು ಸುಟ್ಟ ವಾಸನೆ ಬರುತ್ತದೆ. ಏನೂ ಬರಲಿಲ್ಲ. ಅಗಿಯುವ ಮುಖದ ಮೇಲೆ ಅರ್ಧಚಂದ್ರದ ಆಕಾರದ ಏಣುಗಳು, ಎರಡು ಹಾಲೆಗಳ ನಡುವೆ ಪಕ್ಕದಲ್ಲಿ ಒಂದು ಸಣ್ಣ ಕಂಬ. ದನದ ಜಾತಿಯ ಹಲ್ಲಿಗೆ ಆ ಕಂಬವೇ ಗುರುತು. ಕುದುರೆಯದಾದರೆ ಏಣುಗಳು ಇನ್ನೂ ಸಿಕ್ಕುಸಿಕ್ಕಾಗಿ ಮಡಚಿಕೊಂಡಿರುತ್ತವೆ.

ಇಷ್ಟು ಹೇಳಬಲ್ಲೆ. ಎಷ್ಟು ಹಳೆಯದು ಎಂದು ಹೇಳಲು ಮಣ್ಣಿನ ಯಾವ ಪದರದಿಂದ ಬಂತು ಎಂಬುದು ಬೇಕು. ಗೌಂಡಿಯವರು ಮರಳು ತಂದವರನ್ನು ಕೇಳಿದರು. ‘ನದಿ ಮರಳು’ ಎಂಬುದಕ್ಕಿಂತ ಹೆಚ್ಚಿನ ಉತ್ತರ ಸಿಗಲಿಲ್ಲ. ವರದಾ ನದಿಯೋ ತುಂಗಭದ್ರೆಯೋ ಅದೂ ತಿಳಿಯಲಿಲ್ಲ.

ವಿಳಾಸವಿದ್ದ ಮೂಳೆ ಏನೆಲ್ಲ ಹೇಳಬಲ್ಲದು ಎಂಬುದಕ್ಕೆ ಅದೇ ಜಿಲ್ಲೆಯಲ್ಲಿ ನಿದರ್ಶನವಿದೆ. ತುಂಗಭದ್ರೆಯ ದಂಡೆಯ ಹಳ್ಳೂರಿನಲ್ಲಿ 1960ರ ದಶಕದಲ್ಲಿ ಎಂ. ಎಸ್. ನಾಗರಾಜರಾವ್ ಉತ್ಖನನ ನಡೆಸಿದರು. ಅಲ್ಲಿಯ ಪ್ರಾಣಿಮೂಳೆಗಳನ್ನು ಪರೀಕ್ಷಿಸಿದ ಕೆ. ಆರ್. ಆಲೂರರು ಅವುಗಳಲ್ಲಿ ಕುದುರೆಯ ಮೂಳೆಗಳನ್ನು ಗುರುತಿಸಿದರು. ದಕ್ಷಿಣಕ್ಕೆ ಕುದುರೆ ಬಂದ ಕಾಲದ ಬಗ್ಗೆ ದೊಡ್ಡ ಚರ್ಚೆಯೇ ಎದ್ದಿತು. ಮೂಳೆ ಯಾವ ಪದರದ್ದು ಎಂದು ಬರೆದಿಟ್ಟಿದ್ದರಿಂದಲೇ ಆ ಚರ್ಚೆ ಸಾಧ್ಯವಾಯಿತು. ಅವು ಪಳೆಯುಳಿಕೆಗಳಷ್ಟು ಹಳೆಯವಲ್ಲ. ಆದರೆ ಗೋಕಾಕ ಸೀಮೆಯಲ್ಲಿ ಘಟಪ್ರಭೆಯ ಹಳೆಯ ಮೆಕ್ಕಲಿನಿಂದ ಫೂಟ್ ತೆಗೆದದ್ದು ನಿಜವಾಗಿಯೂ ಪಳೆಯುಳಿಕೆ. ಘೇಂಡಾಮೃಗದ ಅವಶೇಷಗಳವು. 1874ರಲ್ಲಿ ಅದಕ್ಕೆ ರೈನೋಸೆರಸ್ ಡೆಕ್ಕನೆನ್ಸಿಸ್ ಎಂದು ಹೆಸರಿಟ್ಟು ಪ್ರಕಟಿಸಿದರು. ಆದ್ದರಿಂದ ನಮ್ಮ ಹೊಳೆದಂಡೆಗಳಲ್ಲಿ ಮೂಳೆ ಸಿಕ್ಕಿತು ಎಂದರೆ ನಾನು ಎಂದೂ ತಳ್ಳಿಹಾಕುವುದಿಲ್ಲ. ಬಂಡೆಯ ವಿಷಯ ಬೇರೆ, ಹೊಳೆಯ ಮೆಕ್ಕಲಿನ ವಿಷಯ ಬೇರೆ.

ಏನಾದರೂ ಕಂಡಾಗ ಮೊದಲು ಇದ್ದಲ್ಲಿಯೇ ಫೋಟೋ ತೆಗೆಯಿರಿ, ಪಕ್ಕದಲ್ಲಿ ಒಂದು ನಾಣ್ಯ ಅಥವಾ ಪೆನ್ನು ಇಟ್ಟು. ನಾಲ್ಕು ಹೆಜ್ಜೆ ಹಿಂದೆ ಸರಿದು ದಂಡೆ ಪೂರ್ತಿ ಕಾಣುವಂತೆ ಇನ್ನೊಂದು. ಮೊಬೈಲಿನ ನಕ್ಷೆಯಲ್ಲಿ ಜಾಗ ಗುರುತಿಸಿ, ನೆಲಮಟ್ಟದಿಂದ ಎಷ್ಟು ಅಡಿ ಕೆಳಗೆ, ಎರೆಮಣ್ಣಿನಲ್ಲೋ ಗರಸಿನಲ್ಲೋ ಎಂದು ಚೀಟಿಯಲ್ಲಿ ಬರೆಯಿರಿ. ತೊಳೆಯಬೇಡಿ, ವಾರ್ನಿಷ್ ಬಳಿಯಬೇಡಿ. ಅಂಟಿದ ಮಣ್ಣೂ ಸಾಕ್ಷಿಯೇ. ಮೂಳೆ ಇನ್ನೂ ದಂಡೆಯೊಳಗೆ ಹೂತಿದ್ದರೆ ಕೀಳದೆ, ಕರ್ನಾಟಕ ವಿಶ್ವವಿದ್ಯಾಲಯದ ಭೂವಿಜ್ಞಾನ ವಿಭಾಗಕ್ಕೆ ಆ ಫೋಟೋ ತೋರಿಸಿ. ಕಲ್ಲಿನ ಕೊಡಲಿಯಂತಹ, ಮನುಷ್ಯ ಮಾಡಿದ ವಸ್ತುವಾದರೆ ಅದು 1972ರ ಪುರಾವಸ್ತು ಕಾಯ್ದೆಯ ವ್ಯಾಪ್ತಿಗೆ ಬರುತ್ತದೆ, ಪುರಾತತ್ವ ಇಲಾಖೆಗೆ ತಿಳಿಸಬೇಕು.

ಗೌಂಡಿಯವರ ಹಲ್ಲು ನನ್ನ ಕಪಾಟಿನಲ್ಲಿದೆ. ಅದರ ಚೀಟಿಯಲ್ಲಿ ‘ದನದ ಜಾತಿ, ಮೇಲ್ದವಡೆ’ ಎಂದು ಬರೆದಿದ್ದೇನೆ. ಸ್ಥಳದ ಮುಂದೆ ಇನ್ನೂ ಖಾಲಿ ಬಿಟ್ಟಿದ್ದೇನೆ. ಆ ಮರಳು ಯಾವ ದಂಡೆಯದು ಎಂದು ಬಲ್ಲವರು ಈ ಅಂಕಣ ಓದಿದರೆ ದಯವಿಟ್ಟು ತಿಳಿಸಿ.