ಪದ ಪರಿಚಯ: ಮಾನವತಾವಾದಿ ಮನೋವಿಜ್ಞಾನ

ಹೆಸರು ಕೇಳಿದರೆ ದಯೆ, ದಾನಧರ್ಮದ ವಿಷಯವೇನೋ ಅನ್ನಿಸುತ್ತದೆ. ಅದಲ್ಲ. ನೊಂದು ಬಂದವರ ಮನಸ್ಸು ಯಾರಿಗೆ ಜಾಸ್ತಿ ಗೊತ್ತು, ಎದುರು ಕೂತ ತಜ್ಞರಿಗೋ ಅಥವಾ ಆ ನೊಂದವರಿಗೋ? 'ಅವರಿಗೇ' ಎಂದ ಪಂಥ ಇದು.

ಈ ಪಂಥ ಕಟ್ಟಿದವರಲ್ಲಿ ಒಬ್ಬರಾದ ಮನೋವಿಜ್ಞಾನಿ ಕಾರ್ಲ್ ರೋಜರ್ಸ್ 1928ರಿಂದ 12 ವರ್ಷ ಅಮೆರಿಕದ ರೋಚೆಸ್ಟರ್‌ನಲ್ಲಿ ಮಕ್ಕಳ ಜೊತೆ ಕೆಲಸ ಮಾಡಿದರು. ಹತೋಟಿಗೆ ಸಿಗದ ಹುಡುಗನೊಬ್ಬನ ತಾಯಿ ಅಲ್ಲಿಗೆ ಬರುತ್ತಿದ್ದರು. ಚಿಕ್ಕಂದಿನಲ್ಲಿ ತಾಯಿ ಅವನನ್ನು ದೂರ ಇಟ್ಟದ್ದೇ ಸಮಸ್ಯೆಯ ಮೂಲ ಎಂದು ರೋಜರ್ಸ್ ನಂಬಿದ್ದರು. ಎಷ್ಟು ನಯವಾಗಿ ಹೇಳಿದರೂ ಆ ಮಾತು ಆಕೆಯ ಮನಸ್ಸಿಗೆ ಇಳಿಯಲಿಲ್ಲ. ಕೊನೆಗೆ ಇಬ್ಬರೂ 'ಇದು ಆಗುವ ಕೆಲಸವಲ್ಲ' ಎಂದು ಒಪ್ಪಿಕೊಂಡರು. ಬಾಗಿಲ ತನಕ ಹೋದ ಆಕೆ ತಿರುಗಿ, ಇಲ್ಲಿ ದೊಡ್ಡವರಿಗೂ ಸಲಹೆ ಕೊಡುತ್ತೀರಾ ಎಂದು ಕೇಳಿದರು. ಮತ್ತೆ ಬಂದು ಕೂತು ಹೇಳಿಕೊಂಡದ್ದು ಮಗನ ವಿಷಯವಲ್ಲ, ಹದಗೆಟ್ಟ ತಮ್ಮ ದಾಂಪತ್ಯದ್ದು. ನೋವು ಎಲ್ಲಿದೆ ಅನ್ನೋದು ಆಕೆಗೆ ಗೊತ್ತೇ ಇತ್ತು. ರೋಜರ್ಸ್ ಬಾಯಿ ಮುಚ್ಚಿಕೊಂಡು ಕೇಳಬೇಕಿತ್ತು, ಅಷ್ಟೇ.

ಮುಂದೆ ಅವರು 'ರೋಗಿ' ಎಂಬ ಪದವನ್ನೇ ಬಿಟ್ಟು 'ಕ್ಲೈಂಟ್' ಎಂದರು. ನಮಗೆ ಆ ಪದ ಕೇಳಿದರೆ ವಕೀಲರ ಆಫೀಸು ನೆನಪಾಗುತ್ತದೆ, ಇರಲಿ.

ಆಗ ಮನೋವಿಜ್ಞಾನದಲ್ಲಿ ಎರಡು ದೊಡ್ಡ ಪಾಳೆಯಗಳಿದ್ದವು. ಫ್ರಾಯ್ಡ್ ಕಡೆಯವರು ಒಳಗೆ ಹುದುಗಿದ ಆಸೆಗಳನ್ನು ಹುಡುಕುತ್ತಿದ್ದರು. ಹೊರಗೆ ಕಾಣುವ ನಡವಳಿಕೆಯನ್ನಷ್ಟೇ ಲೆಕ್ಕಕ್ಕೆ ಹಿಡಿಯುವ ವರ್ತನಾವಾದಿಗಳು ಇಲಿ, ಪಾರಿವಾಳಗಳನ್ನು ಇಟ್ಟುಕೊಂಡು ಕಲಿಕೆಯ ನಿಯಮ ಕಟ್ಟುತ್ತಿದ್ದರು. ಇವೆರಡಕ್ಕೂ ಸೇರದ ಈ ಪಂಥವನ್ನು ಇದರ ಇನ್ನೊಬ್ಬ ಪ್ರಮುಖ ಮನೋವಿಜ್ಞಾನಿ ಅಬ್ರಹಾಂ ಮಾಸ್ಲೊ 'ಮೂರನೆಯ ಶಕ್ತಿ' ಎಂದರು. 1961ರಲ್ಲಿ ಇದಕ್ಕೆ ತನ್ನದೇ ನಿಯತಕಾಲಿಕ ಬಂತು.

ಇದರ ತಿರುಳನ್ನು ರೋಜರ್ಸ್ ಆಲೂಗೆಡ್ಡೆಯಲ್ಲಿ ಕಂಡಿದ್ದರು. ಅವರು ಹುಡುಗನಾಗಿದ್ದಾಗ ಮನೆಯ ನೆಲಮಾಳಿಗೆಯಲ್ಲಿ ಚಳಿಗಾಲಕ್ಕೆಂದು ಆಲೂಗೆಡ್ಡೆ ತುಂಬಿಡುತ್ತಿದ್ದರು. ಮಣ್ಣಿಲ್ಲ, ಬಿಸಿಲಿಲ್ಲ. ಆದರೂ ಅವು ಬಿಳಿಚಿಕೊಂಡ ಮೊಳಕೆ ಬಿಟ್ಟು, ಎರಡು ಮೂರು ಅಡಿ ಬೆಳೆದು, ದೂರದ ಕಿಟಕಿಯ ಬೆಳಕಿನತ್ತ ಚಾಚುತ್ತಿದ್ದವು. ಅವು ಗಿಡವಾಗುವುದಿಲ್ಲ, ಆದರೆ ಪ್ರಯತ್ನ ಬಿಡುವುದಿಲ್ಲ. ಮಾನಸಿಕ ಆಸ್ಪತ್ರೆಯ ಹಿಂದಿನ ವಾರ್ಡುಗಳಲ್ಲಿ ಬದುಕು ಸವೆಸುವವರನ್ನು ಕಂಡಾಗ ರೋಜರ್ಸ್‌ಗೆ ಇದೇ ನೆನಪಾಗುತ್ತಿತ್ತಂತೆ. ವಿಚಿತ್ರವಾಗಿ ಕಾಣುವ ವರ್ತನೆಯೂ ಬೆಳೆಯುವ ಹೆಣಗಾಟವೇ ಎಂಬುದು ಅವರ ನಂಬಿಕೆ.

ಹಾಗಾದರೆ ಬೆಳಕು ಯಾವುದು? ಸಲಹೆಗಾರರು ನಾಟಕವಾಡದೆ ಪ್ರಾಮಾಣಿಕವಾಗಿರುವುದು, ಎದುರಿನವರ ಕಣ್ಣಿನಿಂದ ನೋಡುವುದು, ಷರತ್ತಿಲ್ಲದೆ ಅವರನ್ನು ಒಪ್ಪುವುದು. ಕೊನೆಯದನ್ನೇ ಜನ ಜಾಸ್ತಿ ತಪ್ಪು ತಿಳಿಯುವುದು. ಮಾಡಿದ್ದೆಲ್ಲ ಸರಿ ಎನ್ನುವುದಲ್ಲ ಅದು. 'ಫಸ್ಟ್ ಕ್ಲಾಸ್ ಬಂದರೆ ಮಾತ್ರ ನೀನು ನಮ್ಮ ಮಗ' ಎಂಬ ಧಾಟಿ ಗೊತ್ತಲ್ವಾ? ಅದರ ತದ್ವಿರುದ್ಧ. ಷರತ್ತಿನ ಪ್ರೀತಿಯಲ್ಲಿ ಬೆಳೆದ ಮಗು ತನಗೆ ಏನು ಬೇಕು ಅನ್ನುವುದನ್ನೇ ಮರೆಯುತ್ತದೆ ಎನ್ನುತ್ತಿದ್ದರು ರೋಜರ್ಸ್.

ಇನ್ನು ಬಿ.ಎಡ್ ಓದಿದವರಿಗೆಲ್ಲ ಬಾಯಿಪಾಠವಾಗಿರುವ ಮಾಸ್ಲೊ ಪಿರಮಿಡ್, ಅಂದರೆ ಮನುಷ್ಯನ ಅಗತ್ಯಗಳನ್ನು ಮೆಟ್ಟಿಲು ಮೆಟ್ಟಿಲಾಗಿ ಜೋಡಿಸಿದ ಚಿತ್ರ. ಹಸಿವಿನಿಂದ ಶುರುವಾಗಿ ಭದ್ರತೆ, ಪ್ರೀತಿ, ಗೌರವ, ಕೊನೆಗೆ ತನ್ನೊಳಗಿನ ಶಕ್ತಿಯನ್ನೆಲ್ಲ ಅರಳಿಸಿಕೊಳ್ಳುವುದು. ತಮಾಷೆಯೆಂದರೆ ಅವರ 1943ರ ಲೇಖನದಲ್ಲಿ ಪಿರಮಿಡ್ಡೇ ಇಲ್ಲ. ಈ ಕ್ರಮ ಕಲ್ಲಲ್ಲಿ ಕೊರೆದದ್ದಲ್ಲ ಎಂದೂ ಅವರೇ ಬರೆದಿದ್ದಾರೆ. ಆದರೆ ಪೂರ್ತಿ ಅರಳಿದವರೆಂದು ಲಿಂಕನ್, ಐನ್‌ಸ್ಟೈನ್‌ರಂಥವರನ್ನು ಅವರೇ ಆರಿಸಿದ್ದು ನನಗೆ ಅಷ್ಟು ಒಪ್ಪಿಗೆಯಾಗುವುದಿಲ್ಲ. ತಮಗೆ ಮೆಚ್ಚುಗೆಯಾದವರನ್ನೇ ಮಾದರಿ ಮಾಡಿದಂತಾಯಿತು.

ಇಡೀ ಪಂಥವೇ ಸುಮ್ನೆ ಒಳ್ಳೆಯ ಮಾತು, ಅಳೆಯಲು ಏನೂ ಇಲ್ಲ ಎಂಬ ದೂರೂ ಇದೆ. ರೋಜರ್ಸ್ ಮಟ್ಟಿಗೆ ಅದು ಅನ್ಯಾಯ. ಅವರು ಸಲಹೆಯ ಮಾತುಕತೆಯನ್ನು ಗ್ರಾಮಫೋನ್ ತಟ್ಟೆಗಳಲ್ಲಿ ಮುದ್ರಿಸಿಕೊಳ್ಳುತ್ತಿದ್ದರು. 1942ರಲ್ಲಿ ಒಬ್ಬರ ಎಂಟು ಭೇಟಿಗಳನ್ನು, ಹೆಸರು ಬದಲಿಸಿ, ಮಾತಿಗೆ ಮಾತು ಅಚ್ಚು ಹಾಕಿಸಿದರು. ಸಲಹೆಗಾರ ಎಲ್ಲಿ ಎಡವಿದ ಎಂದು ಯಾರು ಬೇಕಾದರೂ ಓದಿ ಹೇಳಬಹುದಿತ್ತು.