‘ಮೇಂಟೇನರ್’ ಅಂದ್ರೆ ಯಾರು? ಒಂದು ಕುಕೀ ಲೈಬ್ರರಿಯ ಕಥೆ

ಕಾಸರಗೋಡಿನ ಬಾಯಾರು, ಪಡ್ರೆ ಕಡೆ ಸುರಂಗದ, ಅಂದ್ರೆ ನೀರಿಗಾಗಿ ಗುಡ್ಡಕ್ಕೆ ಅಡ್ಡ ಕೊರೆದ ಬಿಲದ, ನೀರು ಕುಡಿದು ಬೆಳೆದವ್ರಿಗೆ ಈ ಪದ ಬೇಗ ತಲೆಗೆ ಹೋಗ್ತದೆ. ಸುರಂಗ ಕೊರೆದವ್ರು ಅಜ್ಜನ ಕಾಲದವ್ರು, ಅವ್ರೀಗ ಇಲ್ಲ, ಆದ್ರೆ ಒಳಗೆ ನುಗ್ಗಿ ಕುಸಿದ ಮಣ್ಣು ತೆಗ್ದು ನೀರಿಗೆ ದಾರಿ ಬಿಡಿಸಿ ಕೊಡುವವ್ರು ಒಬ್ರು ಬೇಕೇ ಬೇಕು. ಸಾಫ್ಟ್‌ವೇರಲ್ಲಿ ಆ ಮಣ್ಣು ತೆಗೆಯುವವ್ರೇ ಮೇಂಟೇನರ್.

ಕುಕೀ ಲೈಬ್ರರಿಯನ್ನೇ ತಗೊಳ್ಳಿ. ಲೈಬ್ರರಿ ಅಂದ್ರೆ ಬೇರೆ ಪ್ರೋಗ್ರಾಮುಗಳು ಬಳಸ್ಲಿಕ್ಕೆ ಮೊದ್ಲೇ ಬರ್ದಿಟ್ಟ ಕೋಡ್. ಕುಕೀ ಅಂದ್ರೆ ಬ್ಯಾಂಕಲ್ಲಿ ಕೊಡ್ತಿದ್ದ ಟೋಕನ್ ಹಾಗೆ, ವೆಬ್‌ಸೈಟ್ ಕೊಡ್ತದೆ, ಬ್ರೌಸರ್ ಇಟ್ಕೊಳ್ತದೆ, ಮತ್ತೆ ಹೋದಾಗ ತೋರಿಸ್ತದೆ. 1994ರಲ್ಲಿ ನೆಟ್‌ಸ್ಕೇಪ್ ಅನ್ನುವ ಬ್ರೌಸರ್ ಕಂಪೆನಿಯ ಲೂ ಮೊಂಟುಲಿ ಮಾಡಿದ್ದು. ಬ್ರೌಸರ್ ಇಲ್ಲದೆ ಬರೀ ಪ್ರೋಗ್ರಾಮಿಂದ ಸೈಟಿಗೆ ಹೋಗುದಾದ್ರೆ ಟೋಕನ್ ಇಟ್ಕೊಳ್ಳುವ ಕೆಲಸ ಲೈಬ್ರರಿ ಮಾಡ್ಬೇಕು. ಪರ್ಲ್ ಅನ್ನುವ ಪ್ರೋಗ್ರಾಮಿಂಗ್ ಭಾಷೆಯಲ್ಲಿ ಎಚ್‌ಟಿಟಿಪಿ-ಕುಕೀಸ್ ಅಂತ ಇಂಥದ್ದೊಂದು ಲೈಬ್ರರಿ ಉಂಟು, ಮೊದ್ಲು ಎಲ್‌ಡಬ್ಲ್ಯೂಪಿ ಅನ್ನುವ ದೊಡ್ಡ ಕಟ್ಟಿನೊಳಗೇ ಇತ್ತು, 2011ರಲ್ಲಿ ಬೇರೆ ಮಾಡಿದ್ರು.

ಇಷ್ಟು ಸಣ್ಣ ಕೆಲಸಕ್ಕೆ ಎಂತ ಮೇಂಟೇನ್ ಮಾಡ್ಲಿಕ್ಕುಂಟು ಅಂತ ಕೇಳ್ಬಹುದು. ಉಂಟು ಮಾರಾಯ್ರೆ, ತುಂಬಾ ಉಂಟು. ಕುಕೀಯ ನಿಯಮವೇ ಮೂರು ಸಲ ಬದಲಾಯ್ತು, 1997, 2000, ಮತ್ತೆ 2011ರ ಆರ್‌ಎಫ್‌ಸಿ 6265 (ಆರ್‌ಎಫ್‌ಸಿ ಅಂದ್ರೆ ಇಂಟರ್ನೆಟ್ಟಿನ ನಿಯಮ ಬರ್ದಿಡುವ ದಾಖಲೆ). ಎಕ್ಸ್‌ಪೈರಿ ತಾರೀಕಲ್ಲಿ ವಾರದ ಹೆಸರಾದ ಮೇಲೆ ಒಂದು ಕಾಮಾ ಬರ್ತದೆ, ಎರಡು ಕುಕೀಯನ್ನು ಒಂದೇ ಸಾಲಲ್ಲಿ ಸೇರಿಸುದು ಸಹ ಕಾಮಾದಿಂದ್ಲೇ ಆದ್ರೆ ಯಾವ ಕಾಮಾ ಯಾವುದು ಅಂತ ಲೈಬ್ರರಿಗೆ ಹೇಗೆ ಗೊತ್ತಾಗ್ಬೇಕು? ಇನ್ನೊಂದು, ಯಾವುದೋ ಒಂದು ಸೈಟು ಇಡೀ ‘ಡಾಟ್ ಕೋ ಡಾಟ್ ಇನ್’ಗೆ ಕುಕೀ ಹಾಕ್ತೇನೆ ಅಂದ್ರೆ ಒಪ್ಪಬಾರ್ದು, ಒಪ್ಪಿದ್ರೆ ಆ ಕೊನೆಹೆಸರಿನ ಬೇರೆ ಸೈಟಿಗೂ ಅದು ಹೋಗ್ತದೆ. ಇಂಥ ಕೊನೆಹೆಸರುಗಳ ಪಟ್ಟಿ ಫೈರ್‌ಫಾಕ್ಸ್ ಬ್ರೌಸರ್ ಮಾಡುವ ಮೊಜಿಲ್ಲಾದವ್ರು ಶುರುಮಾಡಿದ್ದು, ಅದೂ ಬದಲಾಗ್ತಾ ಇರ್ತದೆ. ಕೋಡ್ ಮುಟ್ಟದಿದ್ರೂ, ಅದು ಸರಿ ಉಂಟಾ ಅಂತ ನೋಡುವ ಟೆಸ್ಟ್ ಫೇಲ್ ಆಗುದುಂಟು, ಟೆಸ್ಟಿನ ಒಳಗೆ ಬರ್ದಿಟ್ಟ ತಾರೀಕು ದಾಟಿದ್ರೆ ಸಾಕು.

ಡೆಬಿಯನ್‌ನಂಥ ಲಿನಕ್ಸ್ ಆಪರೇಟಿಂಗ್ ಸಿಸ್ಟಮ್‌ಗಳ ಕಡೆ ಇದಕ್ಕೆ ಇನ್ನೊಬ್ರು ಮೇಂಟೇನರ್ ಇರ್ತಾರೆ. ಕೋಡ್ ಅವ್ರದ್ದಲ್ಲ, ಅದನ್ನು ಸುಲಭದಲ್ಲಿ ಇನ್‌ಸ್ಟಾಲ್ ಆಗುವ ಹಾಗೆ ಕಟ್ಟಿ ಪ್ಯಾಕೇಜ್ ಮಾಡುದು ಅವ್ರು. ಯಾವುದ್ರ ಮೇಲೆ ಇದು ನಿಂತಿದೆ, ಲೈಸೆನ್ಸ್ ಯಾವುದು, ಈ ಸಲ ಎಂತ ಬದಲಾಯ್ತು, ಎಲ್ಲ ಬರ್ದಿಡ್ಬೇಕು. ಮೂಲ ಬರೆದವ್ರ ಕಡೆಗೆ ಅಪ್‌ಸ್ಟ್ರೀಮ್ ಅಂತಾರೆ, ಅಂದ್ರೆ ನೀರು ಹುಟ್ಟುವ ಕಡೆ. ಇಲ್ಲಿ ಒಂದು ದೋಷ ಸರಿಮಾಡಿದ್ರೆ ಅದನ್ನು ಅಲ್ಲಿಗೂ ಕಳಿಸ್ಬೇಕು, ಇಲ್ಲಾಂದ್ರೆ ಪ್ರತಿ ಹೊಸ ವರ್ಷನ್ ಬಂದಾಗ್ಲೂ ಅದೇ ತೇಪೆ ಮತ್ತೆ ಹಾಕ್ತಾ ಕೂತ್ಕೊಳ್ಬೇಕು. ನನ್ನ ಪ್ರಕಾರ ಒಳ್ಳೆ ಮೇಂಟೇನರ್ ಯಾರು ಅಂತ ಗೊತ್ತಾಗುದು ಇದ್ರಲ್ಲೇ.

ಮೇಂಟೇನರ್ ಬಿಟ್ಟು ಹೋದ್ರೆ ಡೆಬಿಯನ್‌ನಲ್ಲಿ ಆ ಪ್ಯಾಕೇಜನ್ನು ‘ಅನಾಥ’ ಅಂತ ಬರೀತಾರೆ, ತಗೊಳ್ಳುವವ್ರು ‘ದತ್ತು ತಗೊಳ್ತೇನೆ’ ಅಂತ ತಿಳಿಸ್ಬೇಕು. ನಮ್ಮ ಕಾಸರಗೋಡಿನ ಮಕ್ಕಳು ಯಾರಾದ್ರೂ ಪರ್ಲೋ ಪೈಥಾನೋ ಕಲಿತಿದ್ರೆ ಆ ಅನಾಥ ಪಟ್ಟಿಯನ್ನು ಒಮ್ಮೆ ತೆರೆದು ನೋಡಿ.